ಹಂಚಿಕೊಂಡ ಗಣಕಯಂತ್ರದಲ್ಲಿ ಮೆಮೊರಿ ತೊಂದರೆ

ಮನೆಮಂದಿಯೆಲ್ಲ ಬಳಸುವ ಗಣಕಯಂತ್ರದಲ್ಲಿ ಕಾಣಿಸುವ ಮೆಮೊರಿ ತೊಂದರೆಗಳು ಮುಖ್ಯವಾಗಿ ಎರಡು ಬಗೆಯವು: ರ‍್ಯಾಮ್‌ನ ಕೊರತೆ ಮತ್ತು ರ‍್ಯಾಮ್‌ನ ದೋಷ. ಇವೆರಡರ ಪರಿಹಾರಗಳು ಬೇರೆಬೇರೆಯಾಗಿವೆ.

ಕೊರತೆ

2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯು, ಒಬ್ಬರು ಲಾಗ್ ಆಫ್ ಆಗದೆಯೇ ಇನ್ನೊಬ್ಬರು ತಮ್ಮ ಖಾತೆಯನ್ನು ತೆರೆಯುವ ಸೌಲಭ್ಯವನ್ನು ನೀಡಿತು. ಆಗ ಮೊದಲಿನವರ ತಂತ್ರಾಂಶಗಳು ಹಿನ್ನೆಲೆಯಲ್ಲಿ ಉಳಿದು ರ‍್ಯಾಮನ್ನು ಆಕ್ರಮಿಸಿರುತ್ತವೆ. ಜಾಗ ಸಾಲದಾದಾಗ ಕಾರ್ಯಾಚರಣ ವ್ಯವಸ್ಥೆಯು ದತ್ತಾಂಶದ ಒಂದು ಭಾಗವನ್ನು ಡಿಸ್ಕಿನಲ್ಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ. ಡಿಸ್ಕಿನ ವೇಗವು ರ‍್ಯಾಮ್‌ಗಿಂತ ಬಹಳ ಕಡಿಮೆಯಾದುದರಿಂದ ಗಣಕವು ನಿಧಾನವಾಗುತ್ತದೆ. ಇತ್ತೀಚಿನ ವಿಂಡೋಸ್ ಆವೃತ್ತಿಗಳಲ್ಲಿ, ಯಾರ ಖಾತೆಯು ಎಷ್ಟು ಮೆಮೊರಿ ಬಳಸುತ್ತಿದೆ ಎಂಬುದನ್ನು ಟಾಸ್ಕ್ ಮ್ಯಾನೇಜರ್‌ನ ‘ಯೂಸರ್ಸ್’ ವಿಭಾಗದಲ್ಲಿ ನೋಡಬಹುದು. ಇಂತಹ ಸಂದರ್ಭದಲ್ಲಿ ಗಣಕವನ್ನು ಬಲವಂತವಾಗಿ ಮರುಚಾಲನೆ ಮಾಡಿದರೆ ಇತರರು ಉಳಿಸದೆ ಬಿಟ್ಟ ಕೆಲಸವು ನಷ್ಟವಾಗುತ್ತದೆ. ಆಯಾ ಬಳಕೆದಾರರೇ ಕಡತಗಳನ್ನು ಉಳಿಸಿ ಸೈನ್ ಔಟ್ ಆಗುವುದು ಸುರಕ್ಷಿತ ಕ್ರಮ.

ದೋಷ

ಯಾವ ಖಾತೆಯಲ್ಲಿದ್ದರೂ ನೀಲಿ ಪರದೆ ಮೂಡಿ ಗಣಕ ನಿಲ್ಲುತ್ತಿದ್ದರೆ ಅಥವಾ ಕಡತಗಳು ಕಾರಣವಿಲ್ಲದೆ ಕೆಡುತ್ತಿದ್ದರೆ ರ‍್ಯಾಮ್ ದೋಷವನ್ನು ಶಂಕಿಸಬಹುದು. ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ, ಬಳಿಕ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಪರೀಕ್ಷೆಯನ್ನು ನಡೆಸಲಾಗುತ್ತದೆ. ದೋಷ ಕಂಡುಬಂದಲ್ಲಿ ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಬದಲಾಯಿಸಬೇಕಾಗುತ್ತದೆ.