ನೌಕಾಯಾನದ ಮೊದಲ ದಿನದ ಪಾಠ

ಸಣ್ಣ ವಿಲಾಸನೌಕೆಯೇ ಆಗಲಿ, ಅದನ್ನೇರಿದ ಮೊದಲ ದಿನ ಸೊಬಗಿನ ಕೋಣೆ, ಸವಿಯೂಟಗಳ ನಡುವೆ ಪ್ರಯಾಣಿಕರಿಗೆ ಒಂದು ಪಾಠ ತಪ್ಪದು. ನೌಕೆಯ ಸೀಟಿಯು ಏಳು ಸಲ ಕಿರಿದಾಗಿ, ಬಳಿಕ ಒಮ್ಮೆ ದೀರ್ಘವಾಗಿ ಮೊಳಗಿದೊಡನೆ ಎಲ್ಲರೂ ಗೊತ್ತುಪಡಿಸಿದ ಸ್ಥಳದಲ್ಲಿ ನೆರೆಯಬೇಕು. ಲೈಫ್ ಜಾಕೆಟ್ ಎಂಬ ತೇಲುವ ಅಂಗಿಯನ್ನು ತೊಡುವ ಕ್ರಮವನ್ನು ಅರಿಯಬೇಕು.

ಹಿಂದೆ ಇದನ್ನು ಹಡಗೇರಿದ 24 ಗಂಟೆಗಳೊಳಗೆ ಕಲಿಸಿದರೆ ಸಾಕೆಂಬ ನಿಯಮವಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ಬೃಹನ್ನೌಕೆ ಬಂಡೆಗೆ ಬಡಿದಾಗ, ಅಂದೇ ಹತ್ತಿದ್ದ ನೂರಾರು ಮಂದಿಗೆ ಆ ಪಾಠವಾಗಿರಲಿಲ್ಲ. ಆ ಅವಘಡದಲ್ಲಿ 32 ಜನ ಅಸುನೀಗಿದರು. 2015ರಿಂದ ನೌಕೆ ಹೊರಡುವ ಮುನ್ನ ಇಲ್ಲವೆ ಹೊರಟೊಡನೆ ಕಲಿಸುವುದು ಕಡ್ಡಾಯವಾಯಿತು.

ಅಪಾಯವು ನಮ್ಮ ಅನುಕೂಲದ ದಿನವನ್ನು ಕಾದಿರದು; ಕಲಿಯತಕ್ಕುದನ್ನು ನಾವು ಮೊದಲ ದಿನವೇ ಕಲಿಯೋಣ.