ಮುಗಿಯದ ಕೆಲಸ: ಆ್ಯಪ್‌ಗಳ ಎರಡು ವಾರದ ಲೆಕ್ಕ

ಬೆಳಗಾದರೆ ಸಾಕು, ಕಿಸೆಯಲ್ಲಿರುವ ಫೋನು ಒಂದಲ್ಲ ಒಂದು ಆ್ಯಪನ್ನು ‘ಅಪ್‌ಡೇಟ್ ಮಾಡಿ’ ಎಂದು ಕೇಳುತ್ತದೆ. ಮಾಡಿದರೆ, ನಿನ್ನೆ ಎಡಗಡೆ ಇದ್ದ ಗುಂಡಿ ಇಂದು ಬಲಗಡೆಗೆ ಹೋಗಿರುತ್ತದೆ. ಚೆನ್ನಾಗಿಯೇ ಇದ್ದುದನ್ನು ಇವರೇಕೆ ಪದೇ ಪದೇ ಬದಲಿಸುತ್ತಾರೆ ಎಂದು ಗೊಣಗದವರು ವಿರಳ. ಉತ್ತರ ಬೇಕಿದ್ದರೆ ಆ್ಯಪ್ ತಯಾರಿಸುವ ಕಚೇರಿಗಳ ಕೆಲಸದ ರೀತಿಯನ್ನು ನೋಡಬೇಕು.

ಹಿಂದೆ ಹೀಗಿರಲಿಲ್ಲ. 1995ರ ಆಗಸ್ಟ್ 24ರಂದು ‘ವಿಂಡೋಸ್ 95’ ಬಿಡುಗಡೆಯಾದಾಗ ಅದು ಫ್ಲಾಪಿ, ಸಿ.ಡಿ.ಗಳ ರೂಪದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಅಂಗಡಿಗೆ ಬಂತು. ಹಾಗೆ ಬಂದ ತಂತ್ರಾಂಶ ಅಚ್ಚಾದ ಪುಸ್ತಕದಂತೆ. ತಪ್ಪು ಕಂಡರೂ ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಆದ್ದರಿಂದ ಏನು ಬೇಕೆಂಬುದನ್ನು ಮೊದಲೇ ಬರೆದಿಟ್ಟು, ಅನಂತರ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ತಿಂಗಳುಗಟ್ಟಲೆ ಪರೀಕ್ಷೆ ಎಂದು ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಇದನ್ನು ‘ವಾಟರ್‌ಫಾಲ್’ ಅಂದರೆ ಜಲಪಾತದ ಪದ್ಧತಿ ಎನ್ನುತ್ತಾರೆ. ನಿಧಾನ ನಿಜ, ಆದರೆ ಕೆಲಸಕ್ಕೆ ಕೊನೆ ಎಂಬುದೊಂದಿತ್ತು.

ಈ ನಿಧಾನಕ್ಕೆ ಬೇಸತ್ತ 17 ಮಂದಿ ತಂತ್ರಾಂಶ ಪರಿಣತರು 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ ಸೇರಿ ಒಂದು ಪ್ರಣಾಳಿಕೆ ಹೊರಡಿಸಿದರು. ದೊಡ್ಡ ದೊಡ್ಡ ದಾಖಲೆಗಳಿಗಿಂತ ಕೆಲಸ ಮಾಡುವ ತಂತ್ರಾಂಶ ಮುಖ್ಯ, ಬದಲಾವಣೆಗೆ ಹೆದರಬಾರದು ಎಂಬುದು ಅದರ ಸಾರ. ‘ಅಜೈಲ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಅದರಡಿ ಹೆಚ್ಚು ಬಳಕೆಯಲ್ಲಿರುವ ‘ಸ್ಕ್ರಮ್’ ಪದ್ಧತಿಯ ಹೆಸರು ರಗ್ಬಿ ಆಟದ್ದು. ಇದರಲ್ಲಿ ಕೆಲಸವನ್ನು ಸಣ್ಣ ಸಣ್ಣ ಓಟಗಳಾಗಿ ಒಡೆಯುತ್ತಾರೆ. ಒಂದೊಂದು ಓಟಕ್ಕೂ ‘ಸ್ಪ್ರಿಂಟ್’ ಎಂದು ಹೆಸರು, ಅವಧಿ ಬಹುಮಟ್ಟಿಗೆ ಎರಡು ವಾರ. 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪಲ್‌ನ ‘ಆ್ಯಪ್ ಸ್ಟೋರ್’ ತೆರೆಯಿತು. ಅದೇ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಫೋನುಗಳ ಮಳಿಗೆಯೂ ಬಂತು. ರಟ್ಟಿನ ಪೆಟ್ಟಿಗೆಯ ಹಂಗು ಹರಿದದ್ದು ಆಗ. ಎರಡು ವಾರದ ದುಡಿಮೆಯನ್ನು ನೇರವಾಗಿ ಜನರ ಕೈಗೇ ತಲುಪಿಸುವಂತಾಯಿತು.

ಒಂದು ಉದಾಹರಣೆ ನೋಡೋಣ. ಹಣ ಕಳಿಸುವ ಆ್ಯಪ್ ಒಂದರಲ್ಲಿ ‘ಮೊತ್ತ’ ಎಂಬ ಪದ ‘ಮೊತ’ ಎಂದು ಕಾಣುತ್ತಿದೆ ಎಂದುಕೊಳ್ಳಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಚೌಕದಲ್ಲಿ ಕನ್ನಡದ ಒತ್ತಕ್ಷರಕ್ಕೆ ಜಾಗವಿಲ್ಲದೆ ಅದರ ಕಾಲು ಕತ್ತರಿಸಿಹೋಗಿದೆ. ದೂರು ಬಂದೊಡನೆ ಅದಕ್ಕೊಂದು ‘ಟಿಕೆಟ್’ ತೆರೆಯುತ್ತಾರೆ. ಟಿಕೆಟ್ಟು ‘ಬ್ಯಾಕ್‌ಲಾಗ್’ ಎಂಬ ಬಾಕಿ ಪಟ್ಟಿಗೆ ಸೇರುತ್ತದೆ. ಸ್ಪ್ರಿಂಟ್ ಆರಂಭದ ದಿನ ತಂಡ ಕುಳಿತು ಯಾವುದನ್ನು ಎತ್ತಿಕೊಳ್ಳಬೇಕೆಂದು ತೀರ್ಮಾನಿಸುತ್ತದೆ. ಹಣವೇ ಹೋಗದಂಥ ದೋಷ ಮುಂದೆ, ಒತ್ತಕ್ಷರ ಹಿಂದೆ. ಕನ್ನಡ ಓದಬಲ್ಲ ಒಬ್ಬರಾದರೂ ಆ ಕೋಣೆಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಅದು ಎಷ್ಟು ಸ್ಪ್ರಿಂಟ್ ಕಾಯಬೇಕೋ!

ಕೆಲಸ ಕೈಗೆತ್ತಿಕೊಂಡವರು ಪ್ರತಿದಿನ ‘ಸ್ಟ್ಯಾಂಡ್-ಅಪ್’ ಸಭೆಯಲ್ಲಿ ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಅಡ್ಡಿ ಏನು ಎಂದು ಒಪ್ಪಿಸಬೇಕು. ನಿಂತೇ ಮಾಡಿದರೆ ಮಾತು ಬೆಳೆಯುವುದಿಲ್ಲ ಎಂಬುದು ಈ ಹೆಸರಿನ ಗುಟ್ಟು. 15 ನಿಮಿಷ ಅದರ ಮಿತಿ. (ಪಾಲನೆಯಾಗುತ್ತದೆಯೇ ಎಂದು ಮಾತ್ರ ಕೇಳಬಾರದು.) ಐಫೋನಿಗೊಂದು, ಆಂಡ್ರಾಯ್ಡ್‌ಗೊಂದು ಎಂದು ಎರಡು ಬಾರಿ ಕೋಡ್ ಬರೆಯುವ ಕಷ್ಟವನ್ನು 2015ರ ರಿಯಾಕ್ಟ್ ನೇಟಿವ್, 2018ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಫ್ಲಟರ್‌ನಂಥ ಸಾಧನಗಳು ಬಹಳ ಮಟ್ಟಿಗೆ ತಗ್ಗಿಸಿವೆ. ಈಗ ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಆದರೆ ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು, ಪರೀಕ್ಷಕರು ಫೋನಿನಲ್ಲಿ ನೋಡಬೇಕು.

ಬಿಡುಗಡೆಯೂ ಒಮ್ಮೆಲೇ ಆಗಬೇಕೆಂದಿಲ್ಲ. ಆ್ಯಪಲ್‌ನ ಹಂತಹಂತದ ವ್ಯವಸ್ಥೆಯಲ್ಲಿ ಹೊಸ ಆವೃತ್ತಿ ಮೊದಲ ದಿನ ಶೇ 1ರಷ್ಟು ಬಳಕೆದಾರರಿಗೆ, ಅನಂತರದ ದಿನಗಳಲ್ಲಿ ಶೇ 2, 5, 10, 20, 50 ಹೀಗೆ ಏರಿ ಏಳನೆಯ ದಿನ ಎಲ್ಲರಿಗೂ ತಲುಪುತ್ತದೆ. ಪಕ್ಕದ ಮನೆಯವರ ಫೋನಿಗೆ ಬಂದದ್ದು ನಮಗೆ ಬಾರದಿರುವುದಕ್ಕೆ ಇಂಥ ಏರ್ಪಾಡೂ ಕಾರಣವಿರಬಹುದು. ನಡುವೆ ದೋಷ ಕಂಡರೆ ತಡೆಹಿಡಿಯಬಹುದು. ಏಳು ದಿನ ಮುಗಿಯುವಷ್ಟರಲ್ಲಿ ಮುಂದಿನ ಸ್ಪ್ರಿಂಟ್ ಅರ್ಧ ಓಡಿರುತ್ತದೆ!

ಬಳಸುವವರಿಗೆ ಇದರಿಂದ ಲಾಭವೇ. ತಪ್ಪು ವರ್ಷಗಟ್ಟಲೆ ಉಳಿಯುವುದಿಲ್ಲ. ದುಡಿಯುವವರ ಲೆಕ್ಕ ಬೇರೆ. ತಪ್ಪನ್ನು ಯಾವಾಗ ಬೇಕಾದರೂ ತಿದ್ದಬಹುದು ಎಂದಾದಾಗ, ಯಾವಾಗ ಬೇಕಾದರೂ ತಿದ್ದಲು ಒಬ್ಬರು ಎಚ್ಚರವಿರಬೇಕಾಗುತ್ತದೆ. ಇದಕ್ಕೆ ‘ಆನ್-ಕಾಲ್’ ಪಾಳಿ ಎನ್ನುತ್ತಾರೆ. ಬೆಂಗಳೂರಿನ ಪಾಡು ಇನ್ನಷ್ಟು ವಿಚಿತ್ರ: ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಕಚೇರಿ ಬೆಳಗಿನ ಎಂಟೂವರೆಗೆ ತೆರೆದರೆ ಇಲ್ಲಿ ರಾತ್ರಿ ಒಂಬತ್ತು. ಅಲ್ಲಿನವರ ಮೊದಲ ಸಭೆ ಇಲ್ಲಿನವರ ಊಟದ ಹೊತ್ತು.

2024ರ ಜುಲೈನಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ರಾಜ್ಯದಲ್ಲಿ ಕೇಳಿಬಂದಾಗ ನೌಕರರ ಸಂಘಟನೆ ಕೆಐಟಿಯು ಬೀದಿಗಿಳಿದದ್ದು ಇದೇ ಹಿನ್ನೆಲೆಯಲ್ಲಿ. ಹತ್ತು ಗಂಟೆಯ ಮೇಲಿನ ದುಡಿಮೆ ಇಂದಿಗೂ ಇದೆ, ಅದನ್ನು ಕಾನೂನಾಗಿ ಮಾಡಬೇಡಿ ಎಂದು ಅವರು ಹೇಳಿದರೆ ಆಶ್ಚರ್ಯವೇನಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ, ಅದಕ್ಕೂ ಮೊದಲೇ 2017ರಲ್ಲಿ ಫ್ರಾನ್ಸ್, ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಕರೆಗೆ ಓಗೊಡದಿರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದವು.

ನಮ್ಮಲ್ಲಿ ಸದ್ಯಕ್ಕೆ ಇಂಥ ಬಿಡುವನ್ನು ಕಾಯುತ್ತಿರುವುದು ಬಹುಪಾಲು ಒಂದು ಅಲಿಖಿತ ರೂಢಿ: ಶುಕ್ರವಾರ ಸಂಜೆ ಹೊಸ ಆವೃತ್ತಿ ಬಿಡಬಾರದು. ಅಂದು ಬಿಟ್ಟದ್ದು ಕೆಟ್ಟರೆ ತಿದ್ದಬೇಕಾದದ್ದು ಶನಿವಾರ.