ಒಂದೇ ಪ್ರೊಸೆಸರಿನ ಸರ್ವರು

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಹಲವರು ಈಗ ಆಸ್ಪತ್ರೆ, ಕಾಲೇಜುಗಳ ಖರೀದಿ ಸಮಿತಿಗಳಲ್ಲಿರುವುದರಿಂದ ಈ ವಿಷಯವನ್ನು ಬರೆಯಲುದ್ಯುಕ್ತಳಾಗಿದ್ದೇನೆ. ಅನೇಕರ ದಾಖಲೆಗಳನ್ನು ಒಂದೆಡೆ ಕಾದಿರಿಸಿ, ಕೇಳಿದವರಿಗೆ ಒದಗಿಸುವ ಗಣಕಯಂತ್ರಕ್ಕೆ ಸರ್ವರೆನ್ನುವರು. ಅದರಲ್ಲಿ ಲೆಕ್ಕ ಮಾಡುವ ಅಂಗವೇ ಪ್ರೊಸೆಸರು. ದತ್ತಾಂಶ ಕೇಂದ್ರಗಳ ಸರ್ವರಿಗೆ ಎರಡು ಪ್ರೊಸೆಸರುಗಳಿರಬೇಕೆಂಬುದು ಬಹುಕಾಲದ ರೂಢಿ. ಒಂದರಿಂದ ಮೆಮೊರಿಗೂ ಡಿಸ್ಕುಗಳಿಗೂ ಬೇಕಾದಷ್ಟು ಮಾರ್ಗಗಳು ಸಾಮಾನ್ಯವಾಗಿ ದೊರೆಯುತ್ತಿರಲಿಲ್ಲ.

2017ರಲ್ಲಿ ಎಎಂಡಿ ಕಂಪನಿಯವರು ಎಪಿಕ್ ಪ್ರೊಸೆಸರನ್ನು ಹೊರತಂದ ಮೇಲೆ ಈ ಕಾರಣವು ದುರ್ಬಲವಾಯಿತು. ಅದೊಂದರಲ್ಲಿಯೇ 32ರವರೆಗೆ ಕೋರುಗಳೂ, ಮೆಮೊರಿಗೆ 8 ಮಾರ್ಗಗಳೂ, ಡಿಸ್ಕು ಮೊದಲಾದವುಗಳಿಗೆ 128 ಮಾರ್ಗಗಳೂ ಇದ್ದವು. ಸೋಜಿಗವೇನೆಂದರೆ, ಅಂತಹ ಎರಡನ್ನು ಜೋಡಿಸಿದರೂ ಡಿಸ್ಕುಗಳಿಗೆ ಸಿಕ್ಕುತ್ತಿದ್ದುದು ಅದೇ 128. ಮಿಕ್ಕ ಅರ್ಧವು ಅವೆರಡರ ಪರಸ್ಪರ ಸಂಭಾಷಣೆಗೇ ವ್ಯಯವಾಗುತ್ತಿತ್ತು. ಅಕ್ಕಪಕ್ಕ ಕುಳಿತ ಗೆಳತಿಯರನ್ನು ಬಲ್ಲ ಉಪಾಧ್ಯಾಯಿನಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಇದಲ್ಲದೆ, ಪ್ರೊಸೆಸರುಗಳು ಎರಡಾದಲ್ಲಿ ಮೆಮೊರಿಯೂ ಎರಡು ಪಾಲಾಗುವುದು. ಬೇಕಾದುದು ಮತ್ತೊಂದರ ಪಾಲಿನಲ್ಲಿದ್ದರೆ, ನೆರೆಮನೆಯಿಂದ ಕಡ ತರುವಂತೆ ವಿಳಂಬವು ತಪ್ಪದು. ಮೊದಲ ಎಪಿಕ್ಕಿನ ಒಳಗೂ ನಾಲ್ಕು ತುಂಡುಗಳಿದ್ದುದರಿಂದ ಈ ದೋಷವು ಪೂರ್ತಿ ನೀಗಲಿಲ್ಲ. 2019ರ ಪೀಳಿಗೆಯಲ್ಲಿ ಮೆಮೊರಿಯ ಮಾರ್ಗಗಳೆಲ್ಲ ನಡುವಣ ಒಂದೇ ತುಂಡಿಗೆ ಸೇರಿ ಅದು ಬಹಳವಾಗಿ ತಗ್ಗಿತು, ಕೋರುಗಳೂ 64ಕ್ಕೇರಿದವು.

ಹಣದ ಮಾತು ಬೇರೆ. ವಿಎಂವೇರ್ ಸಂಸ್ಥೆಯು ತನ್ನ ತಂತ್ರಾಂಶಕ್ಕೆ ಪ್ರೊಸೆಸರಿನ ಎಣಿಕೆಯಿಂದ ಶುಲ್ಕ ವಿಧಿಸುತ್ತಿದ್ದಾಗ ಒಂದೇ ಪ್ರೊಸೆಸರಿನವರಿಗೆ ಉಳಿತಾಯವು ಹೆಚ್ಚಾಗಿತ್ತು. 2020ರಲ್ಲಿ ಒಂದು ಪರವಾನಗಿಗೆ 32 ಕೋರುಗಳೆಂಬ ಮಿತಿ ಬಂದಿತು; 64 ಕೋರುಗಳಿಗೆ ಎರಡು ಪರವಾನಗಿಗಳು ಬೇಕಾದವು. ಆದಕಾರಣ ಯಂತ್ರದ ಬೆಲೆಪಟ್ಟಿಯೊಡನೆ ತಂತ್ರಾಂಶದ ಕರಾರನ್ನೂ ತರಿಸಿ ಓದತಕ್ಕದ್ದು. ಅತಿ ವಿಸ್ತಾರವಾದ ದಾಖಲೆಗಳನ್ನು ಪೂರ್ತಿಯಾಗಿ ಮೆಮೊರಿಯಲ್ಲಿಯೇ ಇರಿಸಬೇಕಾದ ಕಡೆ ಮಾತ್ರ ಈಗಲೂ ಎರಡು ಪ್ರೊಸೆಸರುಗಳನ್ನು ಕೇಳುವುದು ನ್ಯಾಯವೇ.